ಮೀನು ಮಂಕಾದರೆ ಮೊದಲು ನೀರು ನೋಡಿ: ವಿಜಯಪುರದ ಗಡಸು ನೀರಿನಲ್ಲಿ ಗೋಲ್ಡ್‌ಫಿಶ್ ಆರೈಕೆ

ನಿನ್ನೆಯವರೆಗೆ ಕಾಳಿನ ಡಬ್ಬಿ ಕಂಡರೆ ಸಾಕು, ಗಾಜಿಗೆ ಮೂತಿ ಒತ್ತಿ ಕುಣಿಯುತ್ತಿದ್ದ ಮೀನು ಇವತ್ತು ಮೂಲೆಯಲ್ಲಿ ರೆಕ್ಕೆ ಮಡಚಿಕೊಂಡು ನಿಂತಿದೆ. ಇಂಥ ಹೊತ್ತಿನಲ್ಲಿ ನಮ್ಮ ಕೈ ತಾನಾಗಿಯೇ ಓಡುವುದು ತೊಟ್ಟಿ ಖಾಲಿ ಮಾಡಿ ತಿಕ್ಕಿ ತೊಳೆಯಲು, ಬೋರಿನ ನೀರು ತುಂಬಿಸಲು, ಅಂಗಡಿಯಿಂದ ನೀಲಿ ಬಾಟಲಿ ತಂದು ಸುರಿಯಲು. ವಿಜಯಪುರಕ್ಕೆ ಬಂದ ಹೊಸದರಲ್ಲಿ ನಾನೂ ಹೀಗೇ ಮಾಡಿದ್ದೆ. ಫಿಲ್ಟರಿನ ಸ್ಪಂಜನ್ನು ನಳದ ಕೆಳಗೆ ಹಿಡಿದು ಬೆಳ್ಳಗಾಗುವವರೆಗೆ ಹಿಂಡಿದ್ದೆ. ಒಂದು ಮೀನಿಗೆ ಮಾತ್ರ ಕಾಯಿಲೆ ಇತ್ತು. ಮರುದಿನ ಬೆಳಿಗ್ಗೆ ನಾಲ್ಕೂ ತೇಲುತ್ತಿದ್ದವು. ಪಕ್ಕದ ಮನೆಯ ಅಜ್ಜಿ ಸಮಾಧಾನ ಹೇಳಿದರು: “ಮನಿಗೆ ಬರೂ ಪೀಡಾ ಮೀನ ತಗೊಂಡು ಹೋತು ಬಿಡ್ರಿ, ಛಲೋನ ಆತು.” ಪೀಡೆ ಯಾವುದು ಎನ್ನುವುದು ನನಗೆ ಗೊತ್ತಾಗಲು ಇನ್ನೂ ಒಂದು ವರ್ಷ ಬೇಕಾಯಿತು. ಅದರ ಹೆಸರು ಅಮೋನಿಯಾ, ಅದನ್ನು ತಂದವನು ನಾನೇ.

ಕಾಯಿಲೆ ಬಿದ್ದ ಗೋಲ್ಡ್‌ಫಿಶ್‌ಗೆ ಏನು ಮಾಡಬೇಕು, ಯಾವುದಾದ ಮೇಲೆ ಯಾವುದು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಔಷಧದ ಬಾಟಲಿ ಈ ಸಾಲಿನಲ್ಲಿ ತುಂಬಾ ಹಿಂದೆ ನಿಂತಿದೆ.

ಮೊದಲ ಹತ್ತು ನಿಮಿಷ

ಕೈ ಹಾಕಬೇಡಿ, ಜಾಳಿಗೆ ಹಾಕಬೇಡಿ, ಕಾಳು ಹಾಕಬೇಡಿ. ಕುರ್ಚಿ ಎಳೆದುಕೊಂಡು ಕೂತು ನೋಡಿ.

ಎಲ್ಲ ಮೀನುಗಳೂ ಒಟ್ಟಿಗೆ ಮಂಕಾಗಿದ್ದರೆ ತೊಂದರೆ ನೀರಿನಲ್ಲಿದೆ. ಒಂದೇ ಮೀನು ಮಂಕಾಗಿ ಉಳಿದವು ಆಡುತ್ತಿದ್ದರೆ ತೊಂದರೆ ಆ ಮೀನಿನೊಳಗೆ ಇರಬಹುದು. ಈ ಒಂದು ಪ್ರಶ್ನೆಗೆ ಉತ್ತರ ಸಿಕ್ಕರೆ ಅರ್ಧ ಕೆಲಸ ಆದಂತೆ.

ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ತೆರೆದು ಗುಟುಕರಿಸುತ್ತಿದ್ದರೆ ಉಸಿರಿಗೆ ಕಷ್ಟವಾಗಿದೆ ಎಂದರ್ಥ: ಆಮ್ಲಜನಕ ಕಡಿಮೆಯಾಗಿರಬಹುದು, ಅಮೋನಿಯಾದಿಂದ ಕಿವಿರು ಸುಟ್ಟಿರಬಹುದು, ಅಮೋನಿಯಾದಿಂದಲೇ ಆಗುವ ನೈಟ್ರೈಟ್ ಎಂಬ ಇನ್ನೊಂದು ವಿಷ ರಕ್ತಕ್ಕೆ ಸೇರಿರಬಹುದು. ಮೈಯನ್ನು ಕಲ್ಲಿಗೋ ಪೈಪಿಗೋ ಉಜ್ಜಿಕೊಳ್ಳುತ್ತಿದ್ದರೆ ಪರೋಪಜೀವಿ ಇರಬಹುದು, ಆದರೆ ನೀರು ಬದಲಿಸಿದ ದಿನವೇ ಹಾಗೆ ಮಾಡಿದರೆ ಕ್ಲೋರಿನ್ ಮೇಲೆ ಅನುಮಾನ ಪಡಿ. ಕಿವಿರಿನ ಬಣ್ಣ ಕಂಡರೆ ಗಮನಿಸಿ. ಆರೋಗ್ಯವಂತ ಮೀನಿನ ಕಿವಿರು ಕೆಂಪು, ನೈಟ್ರೈಟ್ ಏರಿದ ನೀರಿನಲ್ಲಿ ಅದು ಕಂದುಬಣ್ಣಕ್ಕೆ ತಿರುಗುತ್ತದೆ.

ಆಮೇಲೆ ಮನೆಯವರ ವಿಚಾರಣೆ. ಕೊನೆಯ ಸಲ ನೀರು ಬದಲಿಸಿದ್ದು ಯಾವಾಗ? ಹೊಸ ಮೀನು ಬಂದು ಎಷ್ಟು ದಿನವಾಯಿತು? ಕಾಳು ಹಾಕಿದವರು ಯಾರು, ಎಷ್ಟು ಸಲ? ನಮ್ಮಲ್ಲಿ ಮಕ್ಕಳು ಪ್ರೀತಿಯಿಂದ ರೊಟ್ಟಿ ಚೂರು, ಚುರಮುರಿ ಎಲ್ಲವನ್ನೂ ತೊಟ್ಟಿಗೆ ಹಾಕುತ್ತಾರೆ. ಗದರಿಸಿ ಕೇಳಿದರೆ ನಿಜ ಹೊರಗೆ ಬರುವುದಿಲ್ಲ, ಮೆಲ್ಲಗೆ ಕೇಳಿ.

ಕನ್ನಡಿಯಂಥ ನೀರಿನ ಮೋಸ

“ನೀರಾಗ ಏನೂ ಇಲ್ರೀ, ಕನ್ನಡಿ ಹಂಗ ಐತಿ” ಅನ್ನುವವರೇ ಹೆಚ್ಚು. ಅಮೋನಿಯಾಕ್ಕೆ ಬಣ್ಣವಿಲ್ಲ. ಮೀನನ್ನು ಕೊಲ್ಲುವಷ್ಟು ಇದ್ದರೂ ನಮ್ಮ ಮೂಗಿಗೆ ತಿಳಿಯುವುದಿಲ್ಲ.

ಗೋಲ್ಡ್‌ಫಿಶ್ ಕಾರ್ಪ್ ಕುಲದ್ದು. ಅದಕ್ಕೆ ಜಠರವೇ ಇಲ್ಲ, ತಿಂದದ್ದು ನೇರ ಕರುಳಿಗೆ ಹೋಗುತ್ತದೆ. ಹಾಗಾಗಿ ಅದು ಸದಾ ತಿನ್ನುತ್ತದೆ, ಸದಾ ಹೊಲಸು ಮಾಡುತ್ತದೆ, ಜೊತೆಗೆ ಕಿವಿರಿನಿಂದ ಅಮೋನಿಯಾವನ್ನು ನೀರಿಗೆ ಬಿಡುತ್ತಲೇ ಇರುತ್ತದೆ. ಫಿಲ್ಟರಿನ ಸ್ಪಂಜಿನಲ್ಲಿ ನೆಲೆಸಿದ ಬ್ಯಾಕ್ಟೀರಿಯಾ ಈ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತವೆ, ಇನ್ನೊಂದು ಬಗೆಯವು ಅದನ್ನು ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಮಾಡುತ್ತವೆ. ಈ ಸಂಸಾರ ಹೊಸ ತೊಟ್ಟಿಯಲ್ಲಿ ನೆಲೆಯೂರಲು 4ರಿಂದ 6 ವಾರ ಬೇಕು. ನಳದ ಕ್ಲೋರಿನ್ ನೀರಿನಲ್ಲಿ ಸ್ಪಂಜು ಹಿಂಡಿದರೆ ಅದು ಒಂದೇ ಕ್ಷಣದಲ್ಲಿ ಹಾಳು. ನನ್ನ ನಾಲ್ಕು ಮೀನುಗಳ ಕತೆ ಅಷ್ಟೇ.

ಇನ್ನು ನಮ್ಮ ಊರಿನ ವಿಶೇಷ. ವಿಜಯಪುರದ ಬೋರಿನ ನೀರು ಬಹುತೇಕ ಕಡೆ ಗಡಸು, ಪಿಹೆಚ್ (ನೀರು ಆಮ್ಲವೋ ಕ್ಷಾರವೋ ಎಂದು ಹೇಳುವ ಅಳತೆ, 7 ಎಂದರೆ ಎರಡೂ ಅಲ್ಲ) 8ರ ಆಸುಪಾಸು ಅಥವಾ ಅದಕ್ಕೂ ಮೇಲೆ. ಗಡಸು ನೀರು ಗೋಲ್ಡ್‌ಫಿಶ್‌ಗೆ ಒಗ್ಗದೆಂದಲ್ಲ, ಹಾಗೆ ನೋಡಿದರೆ ಇಷ್ಟವೇ. ತೊಡಕು ಅಮೋನಿಯಾದ ಲೆಕ್ಕದಲ್ಲಿದೆ. 25 ಡಿಗ್ರಿ ಬಿಸಿಯ ನೀರಿನಲ್ಲಿ ಪಿಹೆಚ್ 7 ಇದ್ದಾಗ ಒಟ್ಟು ಅಮೋನಿಯಾದಲ್ಲಿ ವಿಷದ ರೂಪದಲ್ಲಿರುವುದು ಶೇಕಡಾ 0.6ರಷ್ಟು ಮಾತ್ರ. ಪಿಹೆಚ್ 8ಕ್ಕೆ ಬಂದರೆ ಅದು ಶೇಕಡಾ 5 ದಾಟುತ್ತದೆ, 8.5ಕ್ಕೆ ಶೇಕಡಾ 15 ಆಗುತ್ತದೆ. ಬಿಸಿ ಏರಿದಂತೆ ಇನ್ನೂ ಹೆಚ್ಚು. ಅಂದರೆ ಮಂಗಳೂರಿನ ಮೆದು ನೀರಿನಲ್ಲಿ ಮೀನು ಹೇಗೋ ತಾಳಿಕೊಳ್ಳುವ ಅಮೋನಿಯಾ, ನಮ್ಮ ಏಪ್ರಿಲ್ ತಿಂಗಳ ಬೋರಿನ ನೀರಿನಲ್ಲಿ ಅದನ್ನು ಮುಗಿಸಬಹುದು. ಎಲ್ಲಿಯದೋ ವಿಡಿಯೋ ನೋಡಿ “ಅರ್ಧ ಪಿಪಿಎಂ ಇದ್ದರೆ ಹೆದರಬೇಡಿ” (ಒಂದು ಪಿಪಿಎಂ ಎಂದರೆ ಲೀಟರಿಗೆ ಒಂದು ಮಿಲಿಗ್ರಾಂ) ಎಂಬ ಮಾತು ನಂಬುವ ಮೊದಲು ಇದು ನೆನಪಿರಲಿ.

ಆದ್ದರಿಂದ ಖರ್ಚು ಮಾಡುವುದಿದ್ದರೆ ಮೊದಲ ಖರ್ಚು ಪರೀಕ್ಷಾ ಕಿಟ್ಟಿಗೆ. ಹನಿ ಹಾಕಿ ಬಣ್ಣ ನೋಡುವ ಕಿಟ್ಟು ಕಾಗದದ ಪಟ್ಟಿಗಿಂತ ನಂಬಿಕೆಗೆ ಅರ್ಹ. ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ, ನೈಟ್ರೇಟ್ 40 ಪಿಪಿಎಂ ಒಳಗೆ ಇರಬೇಕು. ಕಿಟ್ಟು ಕೈಯಲ್ಲಿ ಇಲ್ಲದಿದ್ದರೆ ಅಮೋನಿಯಾ ಇದೆ ಎಂದೇ ಭಾವಿಸಿ ಮುಂದಿನ ಹೆಜ್ಜೆಗೆ ಹೋಗಿ. ಹತ್ತರಲ್ಲಿ ಎಂಟು ಸಲ ನೀವು ತಪ್ಪಿರುವುದಿಲ್ಲ ಎಂಬುದು ನನ್ನ ಅನುಭವ.

ನೀರು ಬದಲಿಸುವುದು: ಪೂರ್ತಿ ಅಲ್ಲ, ಅರ್ಧ

ತೊಟ್ಟಿಯ ನೀರಿನಲ್ಲಿ ಮೂರನೇ ಒಂದು ಭಾಗದಿಂದ ಅರ್ಧದವರೆಗೆ ತೆಗೆಯಿರಿ. ಪೈಪಿನಿಂದ ತಳದ ಹೊಲಸನ್ನು ಎಳೆದುಕೊಳ್ಳುತ್ತ ತೆಗೆದರೆ ಎರಡೂ ಕೆಲಸ ಆಗುತ್ತದೆ. ಸ್ಪಂಜು ಕಟ್ಟಿಕೊಂಡಿದ್ದರೆ ಹೀಗೆ ತೆಗೆದ ಹಳೆಯ ನೀರಿನಲ್ಲೇ ಎರಡು ಸಲ ಹಿಂಡಿ ಮತ್ತೆ ಹಾಕಿ. ಕಂದು ಬಣ್ಣ ಉಳಿದರೆ ಉಳಿಯಲಿ, ನಿಮ್ಮ ಬ್ಯಾಕ್ಟೀರಿಯಾ ಇರುವುದೇ ಅದರಲ್ಲಿ.

ಹೊಸ ನೀರು ಯಾವುದು? ನಗರದಲ್ಲಿ ಮೂರು ಬಗೆಯ ನೀರು ಸಿಗುತ್ತದೆ.

ಕೊಲ್ಹಾರದಿಂದ ಬರುವ ಕೃಷ್ಣೆಯ ನಳದ ನೀರು ಬೋರಿಗಿಂತ ಮೆದು, ಆದರೆ ಕ್ಲೋರಿನ್ ಇರುತ್ತದೆ. ಅಗಲ ಬಾಯಿಯ ಟಬ್ಬಿನಲ್ಲಿ 24 ಗಂಟೆ ತೆರೆದಿಟ್ಟು ಗಾಳಿಯ ಪಂಪು ಹಾಕಿಟ್ಟರೆ ಕ್ಲೋರಿನ್ ಹಾರಿಹೋಗುತ್ತದೆ. ಅವಸರವಿದ್ದರೆ ಮೀನಿನ ಅಂಗಡಿಯಲ್ಲಿ ಸಿಗುವ ಹೈಪೋ ಹರಳು ಅಥವಾ ಕ್ಲೋರಿನ್ ತೆಗೆಯುವ ಹನಿ ಬಳಸಿ. ಒಂದು ಮಿಲಿಗ್ರಾಂ ಕ್ಲೋರಿನ್‌ಗೆ ಸುಮಾರು ಏಳು ಮಿಲಿಗ್ರಾಂ ಹೈಪೋ ಸಾಕು, ಅಂದರೆ ಒಂದು ಬಕೆಟ್ಟಿಗೆ ಒಂದೆರಡು ಸಣ್ಣ ಹರಳು. ಮುಷ್ಟಿಗಟ್ಟಲೆ ಬೇಡ.

ಬೋರಿನ ನೀರಿನಲ್ಲಿ ಕ್ಲೋರಿನ್ ಇಲ್ಲ, ಆದರೆ ನೆಲದಾಳದಿಂದ ಬಂದದ್ದಾದ್ದರಿಂದ ಆಮ್ಲಜನಕವೂ ಕಡಿಮೆ, ಕರಗಿದ ಇಂಗಾಲಾಮ್ಲ ಹೆಚ್ಚು. ಪಂಪಿನಿಂದ ನೇರ ತೊಟ್ಟಿಗೆ ಬಿಡಬೇಡಿ, ಒಂದು ರಾತ್ರಿ ಗಾಳಿ ಗುಳ್ಳೆ ಆಡಿಸಿ.

ಆರ್‌ಓ ಕ್ಯಾನಿನ ನೀರಿನ ಬಗ್ಗೆ ಒಂದು ಮಾತು. “ನಾವು ಕುಡಿಯೂ ನೀರನ್ನೇ ಹಾಕೀವ್ರಿ, ಆದ್ರೂ ಸತ್ತುವು” ಎಂದು ಬೇಸರದಿಂದ ಹೇಳುವವರನ್ನು ಕಂಡಿದ್ದೇನೆ. ಆರ್‌ಓ ನೀರಿನಲ್ಲಿ ಪಿಹೆಚ್ ಹಿಡಿದು ನಿಲ್ಲಿಸುವ ಲವಣಗಳೇ ಇರುವುದಿಲ್ಲ. ಕೆಲವು ವಾರದಲ್ಲಿ ಪಿಹೆಚ್ ಕುಸಿಯುತ್ತದೆ, ಬ್ಯಾಕ್ಟೀರಿಯಾ ಕೆಲಸ ನಿಲ್ಲಿಸುತ್ತವೆ, ಅಮೋನಿಯಾ ಸೇರುತ್ತ ಹೋಗುತ್ತದೆ. ಪಿಹೆಚ್ ಕಡಿಮೆ ಇರುವುದರಿಂದ ಮೀನು ಹೇಗೋ ಬದುಕಿರುತ್ತದೆ. ಆಗ ಯಾರೋ ಬೋರಿನ ನೀರು ಅರ್ಧ ತೊಟ್ಟಿ ಸುರಿಯುತ್ತಾರೆ, ಪಿಹೆಚ್ ಒಮ್ಮೆಲೇ ಏರುತ್ತದೆ, ಸುಮ್ಮನಿದ್ದ ಅಮೋನಿಯಾ ವಿಷವಾಗಿ ತಿರುಗುತ್ತದೆ. ಸಂಜೆಯೊಳಗೆ ಮೀನು ಸಾಯುತ್ತದೆ. ಇಷ್ಟು ದಿನ ಆರ್‌ಓ ನೀರನ್ನೇ ಹಾಕಿದ್ದರೆ ಅರ್ಧ ಬದಲಿಸುವ ನಿಯಮ ನಿಮಗಲ್ಲ. ದಿನಕ್ಕೆ ಶೇಕಡಾ 10ರಿಂದ 15ರಷ್ಟು ಮಾತ್ರ ಬದಲಿಸುತ್ತ, ಒಂದು ವಾರದಲ್ಲಿ ನಿಧಾನವಾಗಿ ನಳದ ನೀರಿಗೆ ತನ್ನಿ.

ಹೊಸ ನೀರಿನ ಬಿಸಿ ತೊಟ್ಟಿಯ ನೀರಿಗೆ ಒಂದೆರಡು ಡಿಗ್ರಿ ಒಳಗೆ ಹೊಂದಬೇಕು. ಬೇಸಿಗೆಯಲ್ಲಿ ಮಧ್ಯಾಹ್ನ ಮಾಳಿಗೆಯ ಟ್ಯಾಂಕಿನ ನೀರು ಕೈ ಸುಡುವಷ್ಟು ಕಾದಿರುತ್ತದೆ ಎಂದು ನಿಮಗೆ ಹೇಳಬೇಕಿಲ್ಲ. ಬೆಳಗಿನ ಜಾವ ಹಿಡಿದಿಟ್ಟ ನೀರು ಬಳಸಿ.

ಅಮೋನಿಯಾ ಇನ್ನೂ ತೋರಿಸುತ್ತಿದ್ದರೆ ಮರುದಿನವೂ ಹೀಗೇ ಮಾಡಿ, ಅದರ ಮರುದಿನವೂ. ಮೀನಿಗೆ ಎರಡು ದಿನ ಕಾಳು ಬೇಡ. ದೊಡ್ಡ ಗೋಲ್ಡ್‌ಫಿಶ್ ಒಂದು ವಾರ ಉಪವಾಸವಿದ್ದರೂ ಏನೂ ಆಗುವುದಿಲ್ಲ. ನಮಗೆ ಸಂಕಟವಾಗುತ್ತದೆ, ಅಷ್ಟೇ.

ಒಂದು ವಿಚಿತ್ರ: ನೀರು ಸರಿಯಾದ ಕೆಲವು ದಿನಗಳ ಮೇಲೆ ಮೀನಿನ ಮೈಮೇಲೆ, ರೆಕ್ಕೆಯ ಅಂಚಿನಲ್ಲಿ ಕಪ್ಪು ಕಲೆ ಮೂಡಬಹುದು. ಇದು ಹೊಸ ರೋಗವಲ್ಲ. ಬಹಳ ಸಲ ಅಮೋನಿಯಾದಿಂದ ಸುಟ್ಟ ಚರ್ಮ ಮಾಯುತ್ತಿರುವ ಗುರುತು. ಔಷಧ ಹಾಕದೆ ಬಿಡಿ.

ಆಸ್ಪತ್ರೆ ಟಬ್ಬು

ನೀರು ಸರಿಯಿದೆ, ಆದರೂ ಒಂದು ಮೀನು ಏಳುತ್ತಿಲ್ಲ ಎಂದಾಗ ಮಾತ್ರ ಬೇರೆ ಟಬ್ಬು. 30–40 ಲೀಟರಿನ ಪ್ಲಾಸ್ಟಿಕ್ ಟಬ್ಬು ಸಾಕು, ಸೋಪು ಕಂಡಿರದ ಹೊಸದು ಇರಲಿ. ಬಟ್ಟೆ ನೆನೆಸಿದ ಹಳೆಯ ಟಬ್ಬು ಎಷ್ಟು ತೊಳೆದರೂ ಬೇಡ. ತಳಕ್ಕೆ ಕಲ್ಲು, ಮರಳು ಏನೂ ಬೇಡ. ಗಾಳಿಯ ಪಂಪು, ಒಂದು ಸ್ಪಂಜು ಫಿಲ್ಟರ್, ಒಂದು ಥರ್ಮಾಮೀಟರ್, ಮೇಲೊಂದು ಜಾಳಿಗೆಯ ಮುಚ್ಚಳ. ನೀರನ್ನು ದೊಡ್ಡ ತೊಟ್ಟಿಯಿಂದಲೇ ತುಂಬಿ, ಆಗ ಮೀನಿಗೆ ಬದಲಾವಣೆಯ ಆಘಾತ ಇರುವುದಿಲ್ಲ. ಟಬ್ಬನ್ನು ಮಂದ ಬೆಳಕಿನ ಕೋಣೆಯಲ್ಲಿಡಿ. ಊದುಬತ್ತಿ, ಸೊಳ್ಳೆ ಬತ್ತಿ, ಒಗ್ಗರಣೆ ಹೊಗೆ ತಾಗದ ಜಾಗ ಆಗಬೇಕು, ಯಾಕೆಂದರೆ ಗಾಳಿಯ ಪಂಪು ಕೋಣೆಯ ಹೊಗೆಯನ್ನೂ ಎಳೆದು ನೀರಿಗೆ ಊದುತ್ತದೆ. ಇದನ್ನು ಬಹಳ ಜನ ಗಮನಿಸುವುದಿಲ್ಲ.

ಆದರೆ ಬಿಳಿ ಚುಕ್ಕೆ ರೋಗವಿದ್ದರೆ ಮೀನನ್ನು ಬೇರೆ ಮಾಡಿ ಪ್ರಯೋಜನವಿಲ್ಲ, ಆ ಹುಳ ಇಡೀ ತೊಟ್ಟಿಯಲ್ಲಿದೆ. ಅಲ್ಲೇ ಚಿಕಿತ್ಸೆ ಆಗಬೇಕು.

ಉಪ್ಪಿನ ಲೆಕ್ಕ

ಅಡುಗೆಮನೆಯ ಔಷಧಗಳಲ್ಲಿ ನಾನು ಮನಸಾರೆ ನಂಬುವುದು ದಪ್ಪ ಉಪ್ಪು ಒಂದನ್ನೇ. ಅರಿಶಿನ, ಬೇವಿನ ರಸ, ಬೆಳ್ಳುಳ್ಳಿ ಇವೆಲ್ಲ ತೊಟ್ಟಿಗೆ ಸುರಿದವರಿದ್ದಾರೆ. ನೀರು ಕೊಳೆಯಿತೇ ಹೊರತು ಮೀನು ಎದ್ದದ್ದು ನಾನು ಕಂಡಿಲ್ಲ.

ಪುಡಿ ಉಪ್ಪಿನಲ್ಲಿ ಗಂಟು ಕಟ್ಟದಿರಲು ಬೇರೆ ಪದಾರ್ಥ ಬೆರೆಸಿರುತ್ತಾರೆ, ಅದು ಬೇಡ. ಏನೂ ಬೆರೆಸದ ಹರಳುಪ್ಪು ಬೇಕು. ಮೊದಲು ತೊಟ್ಟಿಯ ನೀರೆಷ್ಟು ಎಂದು ಲೆಕ್ಕ ಹಾಕಿ. ಉದ್ದ, ಅಗಲ, ತೊಟ್ಟಿಯ ಎತ್ತರವನ್ನು ಸೆಂಟಿಮೀಟರಿನಲ್ಲಿ ಅಳೆದು ಗುಣಿಸಿ 1000ದಿಂದ ಭಾಗಿಸಿದರೆ ಲೀಟರು ಬರುತ್ತದೆ. 60 ಉದ್ದ, 30 ಅಗಲ, 30 ಎತ್ತರದ ತೊಟ್ಟಿಗೆ 54 ಲೀಟರು. ಕಲ್ಲು, ಮೇಲಿನ ಖಾಲಿ ಜಾಗ ಕಳೆದರೆ 45 ಎಂದಿಟ್ಟುಕೊಳ್ಳಿ. ಔಷಧ ಹಾಕುವಾಗಲೂ ಈ ಲೆಕ್ಕವೇ ಬೇಕು, “ಅಂದಾಜು ಒಂದು ಮುಚ್ಚಳ” ಎಂಬುದು ಅಳತೆಯಲ್ಲ.

ನೈಟ್ರೈಟ್ ತೊಂದರೆಗೂ ಸಣ್ಣ ಗಾಯಕ್ಕೂ ಲೀಟರಿಗೆ 1 ಗ್ರಾಂ ಸಾಕು. ಉಪ್ಪಿನ ಕ್ಲೋರೈಡು ಕಿವಿರಿನ ಬಾಗಿಲಲ್ಲಿ ನೈಟ್ರೈಟಿನ ದಾರಿಗೆ ಅಡ್ಡ ನಿಲ್ಲುತ್ತದೆ. ಬಿಳಿ ಚುಕ್ಕೆಯಂಥ ಪರೋಪಜೀವಿಗೆ ಲೀಟರಿಗೆ 3 ಗ್ರಾಂ ಬೇಕು. ಅದನ್ನು ಒಟ್ಟಿಗೆ ಹಾಕುವುದಲ್ಲ. ನಮ್ಮ 45 ಲೀಟರಿನ ತೊಟ್ಟಿಗೆ ಈಗ 45 ಗ್ರಾಂ, 12 ಗಂಟೆ ಬಿಟ್ಟು 45 ಗ್ರಾಂ, ಮತ್ತೆ 12 ಗಂಟೆ ಬಿಟ್ಟು 45 ಗ್ರಾಂ. ಪ್ರತಿ ಸಲ ತೊಟ್ಟಿಯ ನೀರನ್ನೇ ಒಂದು ಚರಿಗೆಯಲ್ಲಿ ತೆಗೆದು ಉಪ್ಪು ಪೂರ್ತಿ ಕರಗಿಸಿ ನಿಧಾನವಾಗಿ ಸುರಿಯಿರಿ. ಹರಳು ಮೀನಿನ ಮೈಮೇಲೆ ಬಿದ್ದರೆ ಸುಡುತ್ತದೆ.

ನೀರು ಆವಿಯಾದರೂ ಉಪ್ಪು ಆವಿಯಾಗುವುದಿಲ್ಲ. ಕಡಿಮೆಯಾದ ನೀರನ್ನು ಬರೀ ನೀರಿನಿಂದ ತುಂಬಿ. ಹತ್ತು ಲೀಟರು ತೆಗೆದು ಹಾಕಿದರೆ ಮಾತ್ರ ಆ ಹತ್ತು ಲೀಟರಿನ ಉಪ್ಪು ಸೇರಿಸಿ. ತೊಟ್ಟಿಯಲ್ಲಿ ಗಿಡವಿದ್ದರೆ ಮೊದಲೇ ತೆಗೆದಿಡಿ, ಇಷ್ಟು ಉಪ್ಪಿಗೆ ಹೆಚ್ಚಿನವು ಉಳಿಯುವುದಿಲ್ಲ.

ರೋಗದ ಗುರುತು

ಬಿಳಿ ಚುಕ್ಕೆ. ಮೈಮೇಲೆ, ರೆಕ್ಕೆಯ ಮೇಲೆ ರವೆ ಉದುರಿಸಿದಂತೆ ಕಾಣುತ್ತದೆ. ಕೂಗಾಡುವ ಮೊದಲು ಒಂದು ತಪಾಸಣೆ: ಚುಕ್ಕೆಗಳು ಕಿವಿರಿನ ಮುಚ್ಚಳ ಮತ್ತು ಎದೆಯ ರೆಕ್ಕೆಯ ಮುಂದಿನ ಅಂಚಿನಲ್ಲಿ ಮಾತ್ರ ಸಾಲಾಗಿ ಇದ್ದು ಮೀನು ಚುರುಕಾಗಿದ್ದರೆ ಅದು ರೋಗವಲ್ಲ, ಗಂಡು ಮೀನು ಪ್ರಾಯಕ್ಕೆ ಬಂದಿದೆ. ಇದು ತಿಳಿಯದೆ ಎಷ್ಟೋ ಮದುವಣಿಗರಿಗೆ ಔಷಧ ಕುಡಿಸಿದ್ದಾರೆ.

ನಿಜವಾದ ಬಿಳಿ ಚುಕ್ಕೆಯ ಹುಳದ ಬದುಕು ಮೂರು ಹಂತದ್ದು. ಚರ್ಮದೊಳಗೆ ಕೂತು ತಿನ್ನುತ್ತದೆ, ಆಗ ಯಾವ ಔಷಧವೂ ಮುಟ್ಟುವುದಿಲ್ಲ. ಬಲಿತ ಮೇಲೆ ಉದುರಿ ತಳಕ್ಕೆ ಹೋಗಿ ಗೂಡು ಕಟ್ಟಿಕೊಂಡು ನೂರಾರು ಮರಿಯಾಗಿ ಒಡೆಯುತ್ತದೆ, ಆಗಲೂ ಮುಟ್ಟುವುದಿಲ್ಲ. ಮರಿಗಳು ಹೊರಬಿದ್ದು ಮೀನನ್ನು ಹುಡುಕುತ್ತ ಈಜುವಾಗ ಮಾತ್ರ ಉಪ್ಪಿಗೋ ಔಷಧಕ್ಕೋ ಸಿಗುತ್ತವೆ. ಮೂರನೇ ದಿನ ಚುಕ್ಕೆ ಮಾಯವಾಯಿತೆಂದು ಚಿಕಿತ್ಸೆ ನಿಲ್ಲಿಸಿದರೆ ಮುಂದಿನ ವಾರ ನೂರು ಪಟ್ಟಾಗಿ ಬರುವುದು ಇದಕ್ಕೇ. ಬೆಚ್ಚಗಿನ ನೀರಿನಲ್ಲಿ ಈ ಸುತ್ತು ಒಂದು ವಾರದೊಳಗೆ ಮುಗಿಯುತ್ತದೆ, ಚಳಿಗಾಲದ ತಣ್ಣನೆಯ ನೀರಿನಲ್ಲಿ ವಾರಗಟ್ಟಲೆ ಎಳೆಯುತ್ತದೆ. ಆದ್ದರಿಂದ ಡಿಸೆಂಬರಿನಲ್ಲಿ ಹೀಟರ್ ಇಟ್ಟು ದಿನಕ್ಕೆ ಒಂದೆರಡು ಡಿಗ್ರಿಯಂತೆ 28ರವರೆಗೆ ಏರಿಸಿ, ಗಾಳಿ ಹೆಚ್ಚಿಸಿ. ಏಪ್ರಿಲಿನಲ್ಲಿ ಹೀಟರ್ ಮುಟ್ಟಬೇಡಿ, ಸೂರ್ಯನೇ ಆ ಕೆಲಸ ಮಾಡುತ್ತಿದ್ದಾನೆ. ಲೀಟರಿಗೆ 3 ಗ್ರಾಂ ಉಪ್ಪನ್ನು 10ರಿಂದ 14 ದಿನ ಇಟ್ಟು, ಎರಡು ದಿನಕ್ಕೊಮ್ಮೆ ತಳದ ಹೊಲಸು ಎಳೆಯಿರಿ, ಗೂಡುಗಳೂ ಅದರ ಜೊತೆ ಹೋಗುತ್ತವೆ. ಉಪ್ಪಿಗೆ ಬಗ್ಗದಿದ್ದರೆ ಮ್ಯಾಲಕೈಟ್ ಗ್ರೀನ್ ಇರುವ ಔಷಧ, ಬಾಟಲಿಯ ಮೇಲಿನ ಅಳತೆಯಲ್ಲೇ. ಕೈಗವಸು ಹಾಕಿಕೊಳ್ಳಿ, ಮಕ್ಕಳಿಗೆ ಸಿಗದಂತೆ ಇಡಿ.

ತಲೆಕೆಳಗಾಗಿ ತೇಲುವುದು. ಗುಂಡು ಹೊಟ್ಟೆಯ ಒರಾಂಡಾ, ಬ್ಲ್ಯಾಕ್ ಮೂರ್ ಇಂಥ ತಳಿಗಳಿಗೆ ಇದು ಹುಟ್ಟಿನ ಜೊತೆ ಬಂದ ಕಾಟ. ಚಂದಕ್ಕಾಗಿ ಮೈಯನ್ನು ಕುಗ್ಗಿಸುತ್ತ ತಳಿ ಬೆಳೆಸಿದ್ದರಿಂದ ಒಳಗೆ ಕರುಳಿಗೂ ಗಾಳಿಚೀಲಕ್ಕೂ ಜಾಗ ಸಾಲದು. ವಾಸ್ತು ಎಂದು ಎಂಟು ಕೆಂಪು, ಒಂದು ಕಪ್ಪು ತರುವ ಮನೆಗಳಲ್ಲಿ ಮೊದಲು ಮಗುಚುವುದು ಆ ಕಪ್ಪು ಮೀನೇ ಆದರೆ ಅದಕ್ಕೆ ಕಾರಣ ಗ್ರಹಚಾರವಲ್ಲ.

ಎರಡರಿಂದ ಮೂರು ದಿನ ಉಪವಾಸ ಹಾಕಿ. ಆಮೇಲೆ ಒಂದು ಹಸಿ ಬಟಾಣಿ ಕಾಳನ್ನು ಮೆತ್ತಗೆ ಬೇಯಿಸಿ, ಸಿಪ್ಪೆ ಸುಲಿದು, ಉಪ್ಪು ಎಣ್ಣೆ ಸೋಕದಂತೆ ಜೋಳದ ಕಾಳಿನಷ್ಟು ಚೂರು ಮಾಡಿ ಕೊಡಿ. ಮಲಬದ್ಧತೆಯಿಂದ ಮಗುಚಿದ್ದಾದರೆ ಒಂದೆರಡು ದಿನದಲ್ಲಿ ನೆಟ್ಟಗಾಗುತ್ತದೆ. ಮುಂದೆ ತೇಲುವ ಒಣ ಕಾಳಿನ ಬದಲು ಮುಳುಗುವ ಕಾಳು, ಅದನ್ನೂ ಹತ್ತು ನಿಮಿಷ ನೆನೆಸಿ ಹಾಕಿ. ಹೊಟ್ಟೆ ಬಿರುಸಾಗಿ ಮಲ ಬಾರದಿದ್ದರೆ ಎಪ್ಸಂ ಉಪ್ಪು, 20 ಲೀಟರಿಗೆ ಚಹಾ ಚಮಚದ ಎಂಟನೇ ಒಂದು ಭಾಗ. ಇದು ಅಡುಗೆ ಉಪ್ಪಲ್ಲ, ಔಷಧದ ಅಂಗಡಿಯಲ್ಲಿ ಕೇಳಿ. ಬೆನ್ನು ನೀರಿನ ಮೇಲೆ ಉಳಿದು ಒಣಗುತ್ತಿದ್ದರೆ ಆ ಚರ್ಮ ಹುಣ್ಣಾಗುತ್ತದೆ, ನೀರಿನ ಹರಿವು ಕಡಿಮೆ ಮಾಡಿ ಶುದ್ಧ ನೀರು ಇಡಿ. ಕೆಲವು ಮೀನು ಜೀವನಪೂರ್ತಿ ಸ್ವಲ್ಪ ವಾಲಿಯೇ ಈಜುತ್ತವೆ. ತಿನ್ನುತ್ತಿದ್ದರೆ ಬಿಟ್ಟುಬಿಡಿ, ಅವು ಹಾಗೇ ಬದುಕುತ್ತವೆ.

ರೆಕ್ಕೆ ಹರಿದು ಅಂಚು ಬಿಳಿಯಾಗುವುದು ಕೊಳೆ ರೋಗ. ಅರ್ಧಕ್ಕೂ ಹೆಚ್ಚು ಸಲ ನೀರು ಶುದ್ಧವಾದರೆ ತಾನೇ ಚಿಗುರುತ್ತದೆ. ಬುಡದವರೆಗೆ ತಿಂದಿದ್ದರೆ ಪಶುವೈದ್ಯರಿಂದ ಪ್ರತಿಜೀವಕ ಬೇಕು, ಮನೆಯಲ್ಲಿ ಉಳಿದ ಮಾತ್ರೆ ಪುಡಿ ಮಾಡಿ ಹಾಕುವುದಲ್ಲ.

ಹತ್ತಿಯಂಥ ಬೂಸ್ಟು ಗಾಯದ ಮೇಲೆ ಬೆಳೆದರೆ ಶಿಲೀಂಧ್ರ. ಅದಕ್ಕೆ ಮೆಥಿಲೀನ್ ಬ್ಲೂ ಒಳ್ಳೆಯದು, ಆದರೆ ಆಸ್ಪತ್ರೆ ಟಬ್ಬಿನಲ್ಲಿ ಮಾತ್ರ. ಆ ನೀಲಿ ಬಾಟಲಿ ದೊಡ್ಡ ತೊಟ್ಟಿಯ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ಗಾಜಿನ ಅಂಟಿಗೂ ಬಣ್ಣ ಹಿಡಿಸುತ್ತದೆ. ಬಾಯಿಯ ಸುತ್ತ ಅಥವಾ ಬೆನ್ನಿನ ಮೇಲೆ ಜೀನು ಹಾಕಿದಂತೆ ಬೂದು ಬಿಳುಪು ಹರಡಿ ಒಂದೆರಡು ದಿನದಲ್ಲೇ ಹೆಚ್ಚಿದರೆ ಅದು ಶಿಲೀಂಧ್ರವಲ್ಲ, ಬ್ಯಾಕ್ಟೀರಿಯಾ. ಬಿಸಿ ನೀರಿನಲ್ಲಿ ಓಡುತ್ತದೆ. ತಡಮಾಡದೆ ವೈದ್ಯರನ್ನು ಕೇಳಿ.

ದಾರದಂತೆ ನೇತಾಡುವ ಲಂಗರು ಹುಳ, ತಟ್ಟೆಯಂತೆ ಚಪ್ಪಟೆಯಾಗಿ ಓಡಾಡುವ ಮೀನುಹೇನು ಇವೆರಡೂ ಕಣ್ಣಿಗೆ ಕಾಣುತ್ತವೆ. ಕೆರೆಯಿಂದ ತಂದ ಜೀವಂತ ಆಹಾರ, ಗಿಡ, ಹೊಸ ಮೀನಿನ ಜೊತೆ ಬರುತ್ತವೆ. ಒದ್ದೆ ಬಟ್ಟೆಯಲ್ಲಿ ಮೀನು ಹಿಡಿದು ಚಿಮಟಿಗೆಯಿಂದ ಬುಡ ಸಮೇತ ಕೀಳಬಹುದು, ಆದರೆ ಮೊಟ್ಟೆ, ಮರಿ ನೀರಿನಲ್ಲಿ ಉಳಿದಿರುತ್ತವೆ. ಅದಕ್ಕೆ ಬೇರೆ ಔಷಧವಿದೆ, ಅಂಗಡಿಯಲ್ಲಿ ಹುಳದ ಫೋಟೋ ತೋರಿಸಿ ಕೇಳಿ.

ಹುರುಪೆ ಎಲ್ಲ ಎದ್ದು ನಿಂತು ಮೀನು ಮುಳ್ಳುಮುಳ್ಳಾಗಿ ಉಬ್ಬಿದರೆ ಮೂತ್ರಪಿಂಡ ಕೈಕೊಟ್ಟಿದೆ. ಎಪ್ಸಂ ಉಪ್ಪು, ವೈದ್ಯರ ಪ್ರತಿಜೀವಕ ಪ್ರಯತ್ನಿಸಬಹುದು. ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ.

ಸಂಶಯ ಬಂದರೆ ಕೇಳಲು ನಮ್ಮ ಊರಲ್ಲೇ ಜಾಗವಿದೆ. ಭೂತನಾಳದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿದ ಮೀನುಗಾರಿಕೆ ಸಂಶೋಧನಾ ಮತ್ತು ಮಾಹಿತಿ ಕೇಂದ್ರವಿದೆ. ಹೋಗುವಾಗ ಮೀನಿನ ಸ್ಪಷ್ಟ ವಿಡಿಯೋ, ಬಾಟಲಿಯಲ್ಲಿ ತೊಟ್ಟಿಯ ನೀರು ಒಯ್ಯಿರಿ.

ನಮ್ಮ ಬೇಸಿಗೆ

ಗೋಲ್ಡ್‌ಫಿಶ್ ತಣ್ಣೀರಿನ ಜೀವಿ, 18ರಿಂದ 24 ಡಿಗ್ರಿ ಅದಕ್ಕೆ ಹಿತ. ವಿಜಯಪುರದ ಮೇ ತಿಂಗಳು 40 ದಾಟುತ್ತದೆ. ನೀರು 20 ಡಿಗ್ರಿಯಲ್ಲಿದ್ದಾಗ ಲೀಟರಿಗೆ 9 ಮಿಲಿಗ್ರಾಂ ಆಮ್ಲಜನಕ ಹಿಡಿದರೆ, 30ಕ್ಕೆ ಏಳೂವರೆ ಮಾತ್ರ ಹಿಡಿಯುತ್ತದೆ. ಅದೇ ಹೊತ್ತಿಗೆ ಮೀನಿಗೆ ಬೇಕಾಗುವುದು ಹೆಚ್ಚು. ಕಾಯಿಲೆಯ ಮೀನಿಗೆ ಈ ಎಳೆದಾಟ ತಾಳದು.

ತೊಟ್ಟಿಯ ಮುಚ್ಚಳ ತೆಗೆದು ಜಾಳಿಗೆ ಹಾಕಿ, ನೀರಿನ ಮೇಲೆ ಗಾಳಿ ಹಾಯುವಂತೆ ಸಣ್ಣ ಫ್ಯಾನು ಇಡಿ. ನಮ್ಮ ಒಣ ಹವೆಯಲ್ಲಿ ಇದೊಂದರಿಂದಲೇ ಎರಡು ಮೂರು ಡಿಗ್ರಿ ಇಳಿಯುತ್ತದೆ. ಕರಾವಳಿಯವರಿಗೆ ಈ ಭಾಗ್ಯವಿಲ್ಲ. ಮಣ್ಣಿನ ಗಡಿಗೆ ತಣ್ಣಗಾಗುವ ಲೆಕ್ಕವೇ ಇದು. ಗಾಜಿನ ಹೊರಗೆ ಮೂರು ಕಡೆ ಒದ್ದೆ ಗೋಣಿಚೀಲ ಹೊದಿಸಿದರೆ ಇನ್ನೂ ಒಳ್ಳೆಯದು. ಮುಚ್ಚಿದ ಬಾಟಲಿಯಲ್ಲಿ ಬರ್ಫ್ ತೇಲಿಬಿಡಬಹುದು, ಆದರೆ ದಿನಕ್ಕೆ ಎರಡು ಡಿಗ್ರಿಗಿಂತ ಹೆಚ್ಚು ಇಳಿಸಬೇಡಿ. ಬೆಳಿಗ್ಗೆ 26, ಮಧ್ಯಾಹ್ನ 33 ಎಂಬ ಏರಿಳಿತ ಒಂದೇ ಸಮನೆಯ 30ಕ್ಕಿಂತ ಕೆಟ್ಟದ್ದು.

ಫ್ಯಾನಿನಿಂದ ನೀರು ಬೇಗ ಆವಿಯಾಗುತ್ತದೆ, ಲವಣ ಹಿಂದೆ ಉಳಿಯುತ್ತದೆ. ಗಾಜಿನ ಅಂಚಿಗೆ ಕಟ್ಟುವ ಬಿಳಿ ಹೊಪ್ಪಳೆ ಅದೇ. ಈ ಕಡಿಮೆಯಾದಷ್ಟನ್ನು ತುಂಬಲು ಮಾತ್ರ ಆರ್‌ಓ ನೀರು ಬಳಸಿ. ಅದಕ್ಕೆ ತೊಟ್ಟಿಯಲ್ಲಿ ಸರಿಯಾದ ಜಾಗ ಇದೊಂದೇ.

ಕರೆಂಟ್ ಹೋದಾಗ ಬ್ಯಾಟರಿಯ ಗಾಳಿ ಪಂಪು ಇದ್ದರೆ ನಿಶ್ಚಿಂತೆ. ಇಲ್ಲದಿದ್ದರೆ ಹತ್ತು ನಿಮಿಷಕ್ಕೊಮ್ಮೆ ಚರಿಗೆಯಲ್ಲಿ ನೀರೆತ್ತಿ ಒಂದು ಅಡಿ ಮೇಲಿಂದ ಸುರಿಯಿರಿ, ಹತ್ತಿಪ್ಪತ್ತು ಸಲ. ಫಿಲ್ಟರ್ ಹಲವು ಗಂಟೆ ನಿಂತಿದ್ದರೆ ಮತ್ತೆ ಹಚ್ಚುವ ಮೊದಲು ಸ್ಪಂಜನ್ನು ತೊಟ್ಟಿಯ ನೀರಿನಲ್ಲಿ ಹಿಂಡಿ, ಒಳಗೆ ಕೊಳೆತದ್ದು ಒಮ್ಮೆಲೇ ತೊಟ್ಟಿಗೆ ಬರಬಾರದು.

ಉಳಿಯುವುದಿಲ್ಲ ಎಂದಾದಾಗ

ವಾರಗಟ್ಟಲೆ ತಿನ್ನದೆ, ಮಗುಚಿ, ಉಸಿರಿಗೆ ಒದ್ದಾಡುವ ಮೀನನ್ನು ಹಾಗೇ ಬಿಡುವುದು ನನಗೆ ಒಪ್ಪಿಗೆಯಿಲ್ಲ. ಜೀವಂತ ನೀರಿನಿಂದ ತೆಗೆದಿಡುವುದು, ಫ್ರೀಜರಿನಲ್ಲಿಡುವುದು ಹಿಂಸೆ. ಲವಂಗದ ಎಣ್ಣೆ ಲೀಟರಿಗೆ 0.4 ಮಿಲಿಲೀಟರಿನಂತೆ ತೆಗೆದುಕೊಂಡು, ಮೊದಲು ಬಾಟಲಿಯಲ್ಲಿ ಉಗುರುಬೆಚ್ಚಗಿನ ನೀರಿನೊಂದಿಗೆ ಹಾಲಿನಂತಾಗುವವರೆಗೆ ಕುಲುಕಿ, ತೊಟ್ಟಿಯ ನೀರಿದ್ದ ಪಾತ್ರೆಗೆ ಬೆರೆಸಿ ಮೀನನ್ನು ಬಿಟ್ಟರೆ ಅದು ಮಂಪರಿಗೆ ಹೋಗುತ್ತದೆ. ಕಿವಿರು ನಿಂತ ಮೇಲೂ ಅರ್ಧ ಗಂಟೆ ಅಲ್ಲೇ ಇರಲಿ. ಆಮೇಲೆ ಮಣ್ಣಿನಲ್ಲಿ ಹೂಳಿ.

ಸಾಕಲು ಬೇಸರವಾಯಿತೆಂದೋ ಪುಣ್ಯ ಬರುತ್ತದೆಂದೋ ಬದುಕಿದ ಮೀನನ್ನು ಭೂತನಾಳ ಕೆರೆಗೆ, ಬೇಗಂ ತಾಲಾಬಿಗೆ, ತಾಜ್ ಬಾವಡಿಗೆ ಬಿಡುವವರಿಗೆ ಕೈಮುಗಿದು ಹೇಳುತ್ತೇನೆ, ಬೇಡ. ಗೋಲ್ಡ್‌ಫಿಶ್ ನಮ್ಮ ನೀರಿನದಲ್ಲ. ಬಿಟ್ಟಲ್ಲಿ ತಳ ಕೆದಕಿ ನೀರು ರಾಡಿ ಮಾಡುತ್ತದೆ, ತನ್ನ ಹುಳವನ್ನು ಅಲ್ಲಿನ ಮೀನಿಗೆ ಹಚ್ಚುತ್ತದೆ.

ಚೇತರಿಸಿಕೊಂಡ ಮೇಲೆ

ಚೆನ್ನಾಗಿ ತಿಂದು, ರೆಕ್ಕೆ ಬಿಚ್ಚಿ ಈಜಿ ಒಂದು ವಾರವಾದ ಮೇಲೆ ದೊಡ್ಡ ತೊಟ್ಟಿಗೆ ತನ್ನಿ. ಟಬ್ಬಿಗೆ ತೊಟ್ಟಿಯ ನೀರನ್ನು ಅರ್ಧ ಗಂಟೆ ಸ್ವಲ್ಪ ಸ್ವಲ್ಪವೇ ಬೆರೆಸಿ, ಮೀನನ್ನು ಮಾತ್ರ ಎತ್ತಿ ಬಿಡಿ, ಔಷಧದ ನೀರು ಸೇರಬಾರದು. ಕಾಳು ದಿನಕ್ಕೆ ಎರಡು ಸಲ, ಎರಡು ನಿಮಿಷದಲ್ಲಿ ಮುಗಿಯುವಷ್ಟು. ತೊಟ್ಟಿ ಚಿಕ್ಕದಾಗಿದ್ದರೆ ಈ ಎಲ್ಲ ಓಡಾಟ ಮತ್ತೆ ಮಾಡಬೇಕಾಗುತ್ತದೆ. ಮೊದಲ ಮೀನಿಗೆ 75 ಲೀಟರು, ಮುಂದಿನ ಪ್ರತಿಯೊಂದಕ್ಕೆ 40 ಎಂಬ ಲೆಕ್ಕ ಹಿಡಿಯಿರಿ. ಬಟ್ಟಲಿನಂಥ ಗಾಜಿನ ಗೋಲದಲ್ಲಿ ಹತ್ತು ಹದಿನೈದು ವರ್ಷ ಬದುಕಬೇಕಾದ ಮೀನು ಹತ್ತು ತಿಂಗಳೂ ಇರುವುದಿಲ್ಲ. ಹೊಸ ಮೀನು ತಂದರೆ ನಾಲ್ಕು ವಾರ ಅದೇ ಆಸ್ಪತ್ರೆ ಟಬ್ಬಿನಲ್ಲಿರಲಿ.

ನಮ್ಮ ಮನೆಯಲ್ಲಿ ಹಾಲಿನ ಲೆಕ್ಕ ಬರೆಯುವ ಗೋಡೆ ಕ್ಯಾಲೆಂಡರಿನಲ್ಲೇ ನೀರು ಬದಲಿಸಿದ ದಿನಕ್ಕೆ ‘ನೀ’, ಸ್ಪಂಜು ಹಿಂಡಿದ ದಿನಕ್ಕೆ ‘ಸ್ಪ’ ಎಂದು ಬರೆದಿರುತ್ತೇವೆ. ಹಾಲಿನವನು ಲೆಕ್ಕ ನೋಡಲು ಬಂದಾಗಲೆಲ್ಲ ಕೇಳುತ್ತಾನೆ, “ಈ ‘ನೀ’ ಅಂದ್ರ ನೀರ ಹಾಲೇನ್ರಿ?”